ಟ್ಯಾಕ್ರೊಲಿಮಸ್ ಅಳತೆಗೆ ಯೂರೋಪಿಯಂ: ನನ್ನ ಅನುಭವ

ಅಂಗಾಂಗ ಕಸಿಯಾದವರಿಗೆ ಕೊಡುವ ಟ್ಯಾಕ್ರೊಲಿಮಸ್ ಔಷಧವನ್ನು ರಕ್ತದಲ್ಲಿ ಪ್ರತಿದೀಪ್ತಿಯಿಂದ (ಬೆಳಕು ಬಿದ್ದಾಗ ವಸ್ತು ತಾನೂ ಹೊಳೆಯುವ ಗುಣದಿಂದ) ಅಳೆಯುತ್ತೇನೆಂದಾಗ ಸಹೋದ್ಯೋಗಿಗಳು ಒಪ್ಪಲಿಲ್ಲ. ಈ ಔಷಧದ ಬಹುಪಾಲು ಕೆಂಪು ರಕ್ತಕಣಗಳಲ್ಲೇ ಇರುವುದರಿಂದ ಪ್ಲಾಸ್ಮಾ ಸಾಲದು, ಇಡೀ ರಕ್ತವೇ ಬೇಕು. ಅಳೆಯಬೇಕಾದದ್ದು ಮಿಲಿಲೀಟರಿಗೆ ಸುಮಾರು 5ರಿಂದ 15 ನ್ಯಾನೋಗ್ರಾಂ. ಅಷ್ಟು ಸಣ್ಣ ಬೆಳಕನ್ನು ಹಿಮೋಗ್ಲೋಬಿನ್ ನುಂಗಿಬಿಡುತ್ತದೆ ಎಂಬುದು ಅವರ ವಾದ. ಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣದ ಮಟ್ಟಿಗೆ ಅವರು ಹೇಳಿದ್ದೇ ನಿಜವಾಯಿತು. ಆರೇಳು ತಿಂಗಳು ಹಾಳಾದವು. ಆದರೆ ಯೂರೋಪಿಯಂ ಎಂಬ ಲೋಹದ ಬೆಳಕು ನೂರಾರು ಮೈಕ್ರೊಸೆಕೆಂಡ್ ಉಳಿಯುತ್ತದೆ; ಹಿನ್ನೆಲೆಯ ಹೊಳಪು ಆರಿದ ಮೇಲೆ 615 ನ್ಯಾನೋಮೀಟರಿನಲ್ಲಿ ಎಣಿಸಿದರಾಯಿತು ಎಂದು ನಾನು ಹಟ ಹಿಡಿದೆ.

ಪ್ಲೇಟಿಗೆ ಔಷಧ ಮತ್ತು ಆಲ್ಬುಮಿನ್‌ನ ಜೋಡಿಯನ್ನು ಅಂಟಿಸಿ, ಯೂರೋಪಿಯಂ ಹೊತ್ತ, ಔಷಧವನ್ನು ಹಿಡಿಯುವ ಪ್ರತಿಕಾಯಕ್ಕಾಗಿ ಮಾದರಿಯ ಔಷಧ ಅದರೊಡನೆ ಸ್ಪರ್ಧಿಸುವಂತೆ ಮಾಡಿದೆ. ಬಫರ್‌ನಲ್ಲಿ ಮಾನಕ ರೇಖೆ ಚೆನ್ನಾಗಿ ಬಂತು. ರೋಗಿಗಳ ರಕ್ತ ಮಾತ್ರ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗಿಂತ ಎರಡು ಮೂರು ಪಟ್ಟು ಹೆಚ್ಚು ತೋರಿಸಿತು. ಇದು ದೇಹದಲ್ಲಿ ಔಷಧ ಬದಲಾಗಿ ಉಂಟಾಗುವ ಮೆಟಬೊಲೈಟ್‌ಗಳ ಕೆಲಸವೆಂದು ನಂಬಿ ಬೇರೆ ಪ್ರತಿಕಾಯ ಕೊಂಡೆ. ವರ್ಷದ ಹಣದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಅದಕ್ಕೇ ಹೋಯಿತು, ಫಲಿತಾಂಶ ಕದಲಲಿಲ್ಲ. ನಡುವೆ ಪ್ರತಿಕಾಯದ ಬದಲು, ದೇಹದಲ್ಲಿ ಈ ಔಷಧ ಅಂಟಿಕೊಳ್ಳುವ ಎಫ್‌ಕೆಬಿಪಿ-12 ಪ್ರೋಟೀನನ್ನೂ ಬಳಸಿ ನೋಡಿದೆ. ಅದು ಸಿರೋಲಿಮಸ್ ಎಂಬ ಇನ್ನೊಂದು ಕಸಿ ಔಷಧವನ್ನೂ ಅಷ್ಟೇ ಬಿಗಿಯಾಗಿ ಹಿಡಿಯುವುದರಿಂದ ಕೈಬಿಟ್ಟೆ.

ಕೊನೆಗೆ ಔಷಧವನ್ನೇ ಸೇವಿಸದ ಒಬ್ಬರ ರಕ್ತವನ್ನು ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಅಥವಾ ಇಡಿಟಿಎ ಹಾಕಿದ ಎರಡು ಬಗೆಯ ನಳಿಕೆಗಳಲ್ಲಿ ಪಡೆದೆ. ಹೆಪಾರಿನ್ ನಳಿಕೆಯದು ಸೊನ್ನೆಯ ಸುತ್ತಲೇ ಇತ್ತು, ಇಡಿಟಿಎ ನಳಿಕೆಯದು ಸುಮಾರು 9 ನ್ಯಾನೋಗ್ರಾಂ ತೋರಿಸಿತು! ಲೋಹಗಳನ್ನು ಬಿಗಿಯಾಗಿ ಹಿಡಿಯುವ ಇಡಿಟಿಎ ನನ್ನ ಪ್ರತಿಕಾಯದಿಂದ ಯೂರೋಪಿಯಂ ಅನ್ನು ಕಿತ್ತುಕೊಳ್ಳುತ್ತಿತ್ತು. ಬೆಳಕು ಕುಗ್ಗಿದಷ್ಟೂ ಔಷಧ ಹೆಚ್ಚೆಂದು ಲೆಕ್ಕವಾಗುತ್ತಿತ್ತು. ರಕ್ತದ ಪ್ರೋಟೀನನ್ನು ಬೇರ್ಪಡಿಸಲು ಮೆಥನಾಲ್ ಒಂದೇ ಸಾಕೆಂದು ನಾನು ಝಿಂಕ್ ಸಲ್ಫೇಟ್ ಬಿಟ್ಟಿದ್ದೇ ತಪ್ಪು. ಅದನ್ನು ಇಡಿಟಿಎಗಿಂತ ಹಲವು ಪಟ್ಟು ಹೆಚ್ಚು ಸೇರಿಸಿದಾಗ ಪ್ರೋಟೀನೂ ಚೆನ್ನಾಗಿ ಕೆಳಗೆ ಕೂತಿತು, ಇಡಿಟಿಎಯೂ ಝಿಂಕ್ ಹಿಡಿದು ಸುಮ್ಮನಾಯಿತು. ಫಾಸ್ಫೇಟ್ ಬಫರ್ ಇದ್ದರೆ ಝಿಂಕ್ ಬಿಳಿಯಾಗಿ ಕದಡುತ್ತದೆ, ಆದ್ದರಿಂದ ಟ್ರಿಸ್ ಬಫರ್ ಬಳಸಬೇಕು. ಮೆಥನಾಲ್ ಶೇಕಡ 10ರೊಳಗೆ ಇಳಿಯುವಷ್ಟು ತೆಳುಗೊಳಿಸದಿದ್ದರೆ ನನ್ನ ಪ್ರತಿಕಾಯದ ಹಿಡಿತ ಸಡಿಲವಾಗುತ್ತಿತ್ತು. ಮಾನಕ ದ್ರಾವಣಗಳನ್ನೂ ಇಡಿಟಿಎ ರಕ್ತದಲ್ಲೇ ತಯಾರಿಸಿಕೊಂಡೆ.

ಔಷಧವನ್ನು ಆಲ್ಬುಮಿನ್‌ಗೆ ಜೋಡಿಸುವ ಕೊಂಡಿಯ ಉದ್ದ ಮತ್ತು ಝಿಂಕ್ ಸೇರಿಸುವ ಸರದಿಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಈಗ 1 ನ್ಯಾನೋಗ್ರಾಂವರೆಗೂ ನೆಚ್ಚಿಕೆಯಿಂದ ಅಳೆಯಬಲ್ಲೆ. ಅರವತ್ತರಷ್ಟು ಮಾದರಿಗಳಲ್ಲಿ ನಾಲ್ಕೈದನ್ನು ಬಿಟ್ಟು ಉಳಿದವೆಲ್ಲ ಮಾಸ್ ಸ್ಪೆಕ್ಟ್ರೋಮೀಟರಿನ ಉತ್ತರಕ್ಕೆ ಶೇಕಡ 15ರೊಳಗೆ ಬಂದವು. ಆ ನಾಲ್ಕೈದರಲ್ಲಿ ಮೆಟಬೊಲೈಟ್‌ಗಳ ಪಾಲಿದೆಯೇ ಎಂದು ಈಗ ಹುಡುಕುತ್ತಿದ್ದೇನೆ.