ರೇಡಿಯೇಶನ್ ಆದ ದವಡೆ, ಮುಚ್ಚದ ಗಾಯ, ಆಕ್ಸಿಜನ್ ಚೇಂಬರ್: ನನ್ನ ಅನುಭವ

ಆಕ್ಸಿಜನ್ ಚೇಂಬರ್‌ಗೆ (ಒತ್ತಡ ಹೆಚ್ಚಿಸಿ ಶುದ್ಧ ಆಕ್ಸಿಜನ್ ಉಸಿರಾಡಿಸೋ ಕೋಣೆ) ಕಳ್ಸಿ ಪೇಶೆಂಟ್ ದುಡ್ಡು ಯಾಕ್ ಹಾಳ್ಮಾಡ್ತೀಯ ಅಂತ ಸೀನಿಯರ್‌ಗಳೇ ಅಂದಿದ್ರು. ಆ ಪೇಶೆಂಟ್ ದವಡೆ ಗಾಯ ಮುಚ್ಕೊಂಡು ವರ್ಷದ ಮೇಲಾಯ್ತು, ಮೂಳೆ ಮತ್ತೆ ಹೊರಗೆ ಬಂದಿಲ್ಲ, ಅದಕ್ಕೇ ಬರೀತಿದೀನಿ.

ಅವರಿಗೆ ನಾಲಿಗೆ ಕ್ಯಾನ್ಸರ್‌ಗೆ 60 ಗ್ರೇ (ರೇಡಿಯೇಶನ್ ಡೋಸ್‌ನ ಅಳತೆ) ಮೇಲೆ ರೇಡಿಯೇಶನ್ ಆಗಿತ್ತು, ಆಮೇಲೆ ಬೇರೆಲ್ಲೋ ಕೆಳಗಿನ ದವಡೆ ಹಲ್ಲು ತೆಗೆಸಿದ್ರು, ಸಾಕೆಟ್ (ಹಲ್ಲು ಕಿತ್ತ ಗುಳಿ) ಮುಚ್ಚಲೇ ಇಲ್ಲ. ಆಂಟಿಬಯಾಟಿಕ್, ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿ ಕೊಲ್ಲೋ ದ್ರಾವಣ, ಕೆರೆದು ಹೊಲಿಗೆ, ಎಲ್ಲ ಆಯ್ತು, ಪ್ರತಿ ಸಲ ವಾರ ಹತ್ತು ದಿನಕ್ಕೆ ಹೊಲಿಗೆ ಬಿಟ್ಕೊಳ್ಳೋದು. ಪಿಆರ್‌ಎಫ್ (ಪೇಶೆಂಟ್ ರಕ್ತದಿಂದಲೇ ಮಾಡೋ, ಗಾಯ ಮಾಯಿಸೋ ಜೆಲ್) ತುಂಬಿದ್ದೂ ನಿಲ್ಲಲಿಲ್ಲ. ರಕ್ತ ಓಡಾಡದ ಜಾಗದಲ್ಲಿ ಹೊಲಿಗೆ ಏನ್ ಹಿಡಿಯುತ್ತೆ?

ಕೊನೆಗೆ ಮಾರ್ಕ್ಸ್ ಅನ್ನೋ ಅಮೆರಿಕದ ದವಡೆ ಸರ್ಜನ್ ಹೇಳಿದ ಕ್ರಮವೇ ಹಿಡಿದೆ: 2.4 ಎಟಿಎ (ಮಾಮೂಲಿ ಗಾಳಿ ಒತ್ತಡದ 2.4 ಪಟ್ಟು), 90 ನಿಮಿಷ, ಮೊದಲು 30 ಸಿಟ್ಟಿಂಗ್, ಆಮೇಲೆ ಸರ್ಜರಿ, ಆಮೇಲೆ 10. ಒಟ್ಟು ಖರ್ಚಲ್ಲಿ ಸರ್ಜರಿದು ಸಣ್ಣ ಪಾಲು, ಚೇಂಬರ್‌ದು ಅದರ ನಾಲ್ಕೈದು ಪಟ್ಟು ಆಗಿರ್ಬೇಕು, ಅದರ ಮೇಲೆ ದಿನಾ ಕರ್ಕೊಂಡು ಬರೋ ಮಗನ ಕೂಲಿನೂ ಹೋಯ್ತು. ಮಧ್ಯೆ ದುಡ್ಡು ಮುಗಿದು ನಿಂತೇ ಹೋಗಿತ್ತು, ನಾನೇ ಚೇಂಬರ್‌ನವರ ಹತ್ರ ಕೂತು ಪ್ಯಾಕೇಜ್ ರೇಟ್ ಮಾಡಿಸ್ದೆ. ಕಿವಿ ನೋವು ಬಂತು, ಇಎನ್‌ಟಿ ಅವರು ಗ್ರೊಮೆಟ್ (ಕಿವಿ ಪರದೆಗೆ ಸಣ್ಣ ಟ್ಯೂಬ್) ಹಾಕಿದ್ರು. ದೂರದ್ದು ಮಸುಕು ಅಂತ ಪೇಶೆಂಟ್ ಅಂದ್ರು, ಅದು ತಾನಾಗೇ ಸರಿಹೋಗುತ್ತೆ, ಅವಸರಕ್ಕೆ ಕನ್ನಡಕ ಬದಲಾಯಿಸಬೇಡಿ ಅಂತ ಹೇಳಿದ್ದೆ.

2004ರ ಫ್ರೆಂಚ್ ಟ್ರಯಲ್‌ನಲ್ಲಿ ಚೇಂಬರ್‌ನಿಂದ ಲಾಭ ಕಾಣಲಿಲ್ಲ ಅಂತ ವಾದ ಮಾಡೋರಿಗೆ ನನ್ನ ಉತ್ತರ ಇಷ್ಟೇ, ಸತ್ತ ಮೂಳೆನ ಯಾವ ಆಕ್ಸಿಜನ್ನೂ ಬದುಕಿಸಲ್ಲ, ಅದನ್ನ ತೆಗೀಲೇಬೇಕು, ಚೇಂಬರ್ ಕೆಲಸ ಸುತ್ತಲಿನ ಮಾಂಸನ ತಯಾರು ಮಾಡೋದು. ಮೂಳೆ ಕೊರೆಯೋ ಬರ್ ಹಿಡ್ಕೊಂಡು ಮೂಳೆಯಿಂದ ರಕ್ತ ಜಿನುಗೋವರೆಗೂ ಹೋದೆ, ಈ ಸಲ ಒಸಡಿನ ಬಣ್ಣನೇ ಬೇರೆ ಇತ್ತು. ಎಳೆತ ಇಲ್ಲದ ಹಾಗೆ ಫ್ಲಾಪ್ (ಗಾಯ ಮುಚ್ಚೋ ಮಾಂಸದ ಪದರ) ಹೇಗೆ ತಿರುಗಿಸ್ದೆ ಅನ್ನೋದು ಇಲ್ಲಿ ಬರೆಯಲ್ಲ, ಥಿಯೇಟರ್‌ಗೆ ಬನ್ನಿ, ತೋರಿಸ್ತೀನಿ.

ಆದ್ರೆ ಹಲ್ಲು ಕೀಳೋ ಮುಂಚೆ ಮುಂಜಾಗ್ರತೆಗೆ ಅಂತ ಎಲ್ಲರಿಗೂ ನಾನು ಚೇಂಬರ್ ಕೊಡಲ್ಲ, 2019ರ ಹೋಪಾನ್ ಅನ್ನೋ ಟ್ರಯಲ್‌ನಲ್ಲಿ ಕೊಟ್ಟವರಲ್ಲೂ ಕೊಡದವರಲ್ಲೂ ಸುಮಾರು 6 ಪರ್ಸೆಂಟ್ ಜನಕ್ಕೇ ಈ ಮೂಳೆ ಸಾಯೋ ತೊಂದ್ರೆ ಆಗಿದ್ದು. ಡ್ರೈ ಸಾಕೆಟ್‌ಗೂ (ಹಲ್ಲು ಕಿತ್ತ ಗುಳಿಲಿ ರಕ್ತದ ಗಡ್ಡೆ ನಿಲ್ಲದೆ ನೋಯೋದು) ಒಂದ್ಸಲ ನೋಡೋಣ ಅಂತ ಟ್ರೈ ಮಾಡಿದ್ದೆ, ವೇಸ್ಟ್, ಡ್ರೆಸಿಂಗೇ ಸಾಕು. ಚೇಂಬರ್ ಖರ್ಚು ತಡ್ಕೊಳ್ಳೋಕಾಗದ ಇನ್ನೊಬ್ಬರಿಗೆ, ಮೂಳೆ ಸ್ವಲ್ಪವೇ ಕಾಣ್ತಿದ್ದಿದ್ರಿಂದ, ಪೆಂಟಾಕ್ಸಿಫಿಲಿನ್ (ರಕ್ತ ಸಂಚಾರ ಸುಧಾರಿಸೋ ಮಾತ್ರೆ) 400 ಮಿ.ಗ್ರಾಂ ದಿನಕ್ಕೆರಡು ಸಲ, ಜೊತೆಗೆ ವಿಟಮಿನ್ ಇ ಶುರು ಮಾಡಿದೀನಿ. ನಿಧಾನ, ಆದ್ರೆ ಅಂಚು ಒಳಗೆ ಬರ್ತಿದೆ.