ಹಳೆ ಜೀಪಿನ ಮೀಟರುಗಳಿಗೆ ರಾತ್ರಿ ಬೆಳಕು: ನನ್ನ ಅನುಭವ

‘ಹಳೆ ಜೀಪಿಗೆ ಎಲ್‌ಇಡಿ ಕೂರುವುದಿಲ್ಲ, ಎಂತಕ್ಕೆ ಸುಮ್ಮನೆ ದುಡ್ಡು ಹಾಳು ಮಾಡ್ತೀರಿ ಮಾರಾಯ್ರೆ’ ಎಂದವರೇ ಹೆಚ್ಚು. ಮೀಟರುಗಳೊಳಗೆ ಎಲ್‌ಇಡಿ ಹಾಕಿ ಎರಡು ಮಳೆಗಾಲ ಕಳೆಯಿತು. ಕುಮಟೆಯಿಂದ ಸಿರ್ಸಿಗೆ ದೇವಿಮನೆ ಘಟ್ಟ ಹತ್ತುವಾಗ, ಮಂಜು ಕವಿದ ರಾತ್ರಿಯಲ್ಲೂ ಟೆಂಪರೇಚರ್ ಸೂಜಿ ಎಲ್ಲಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಬಲ್ಬ್ ಬದಲಿಸುವ ಮೊದಲು ಹೋಲ್ಡರಿನಲ್ಲಿ ವೋಲ್ಟೇಜ್ ನೋಡಿ. ನನ್ನದರಲ್ಲಿ ಹನ್ನೆರಡರ ಬದಲು ಬರುತ್ತಿದ್ದುದು ಒಂಬತ್ತೂವರೆ ವೋಲ್ಟ್. ಒಳಗೆ ತಂತಿ ಉರಿಯುವ ಹಳೆ ಬಲ್ಬಿಗೆ ಅಷ್ಟು ಕಡಿಮೆಯಾದರೆ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕರಾವಳಿಯ ಗಾಡಿಗಳಲ್ಲಿ ರೋಗ ಇರುವುದು ಅರ್ಥಿಂಗಿನಲ್ಲಿ, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್ ಕಡೆಗೆ ಮರಳುವ ದಾರಿಯಲ್ಲಿ. ಉಪ್ಪು ಗಾಳಿಗೆ ಡ್ಯಾಶ್‌ಬೋರ್ಡಿನ ತಗಡು ಒಳಗಿನಿಂದ ತುಕ್ಕು ಹಿಡಿದಿರುತ್ತದೆ, ಹೋಲ್ಡರಿಗೆ ಅರ್ಥ್ ಸಿಗುವುದು ಅದೇ ತಗಡಿನಿಂದ. ಪ್ರತಿ ಮೀಟರಿನ ಹಿಂದಿನ ಬೋಲ್ಟಿಗೆ ಒಂದೊಂದು ಕಪ್ಪು ವೈರ್ ಕಟ್ಟಿ, ಎಲ್ಲವನ್ನೂ ಒಟ್ಟಿಗೆ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಒಯ್ದೆ. ಹಳೆ ಬಲ್ಬಿನಲ್ಲೇ ಬೆಳಕು ಎದ್ದು ಕಾಣುವಷ್ಟು ಹೆಚ್ಚಿತು, ಪೆಟ್ರೋಲ್ ಸೂಜಿಯ ಸುಳ್ಳು ಲೆಕ್ಕವೂ ನಿಂತಿತು. ಕೈ ಹಾಕುವ ಮೊದಲು ಬ್ಯಾಟರಿ ಕಳಚಿರಬೇಕು. ಆಂಪಿಯರ್ ಮೀಟರಿನ ದಪ್ಪ ವೈರಿಗೆ ಸ್ವಿಚ್ಚು ಆಫ್ ಇದ್ದರೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ತಾಗಿದರೆ ವೈರಿಂಗ್ ಸುಟ್ಟೇ ಹೋಗುತ್ತದೆ.

ಮೊದಲ ಸುತ್ತಿಗೆ ತಂದದ್ದು ನೀಲಿ ಛಾಯೆಯ ಬಿಳಿ ಎಲ್‌ಇಡಿ. ಸುಮಾರು ನಾನೂರು ರೂಪಾಯಿ ನೀರಿಗೆ ಹೋಯಿತು. ಒಳಗಿನ ಹಸಿರು ಫಿಲ್ಟರ್ ದಾಟುವಾಗ ಅದು ಕೊಳೆತ ಪಾಚಿಯ ಬಣ್ಣಕ್ಕೆ ತಿರುಗುತ್ತಿತ್ತು. ಜೀಪಿನ ಗಾಜು ನೆಟ್ಟಗೆ ನಿಂತಿರುವುದರಿಂದ ಪ್ರತಿಬಿಂಬ ಸೀದಾ ಕಣ್ಣಿಗೇ ಬೀಳುತ್ತಿತ್ತು. ಎರಡನೇ ಸುತ್ತಿನಲ್ಲಿ ಹಳದಿ ಛಾಯೆಯ ವಾರ್ಮ್ ವೈಟ್ ತಂದೆ, ಆದರೆ ತುದಿಯಲ್ಲಿ ಬೆಳಗುವ ಚಿಪ್ ಒಂದೇ ಇದ್ದದ್ದು. ಡಯಲಿನ ಒಂದು ಮೂಲೆ ಉರಿಯುತ್ತಿತ್ತು, ಉಳಿದದ್ದು ಕತ್ತಲೆ. ಬೇಕಾದ್ದು ಸುತ್ತಲೂ ಪಕ್ಕಕ್ಕೆ ಚಿಪ್ ಇರುವ ಬಲ್ಬ್. ಬೆಳಕು ಮೊದಲು ಡಬ್ಬಿಯ ಗೋಡೆಗೆ ಬಡಿದು, ಅಲ್ಲಿಂದ ಡಯಲಿಗೆ ಹರಡಬೇಕು. ಸ್ಪೀಡೋಮೀಟರಿಗೆ ಎರಡು, ಚಿಕ್ಕ ಮೀಟರು ನಾಲ್ಕಕ್ಕೆ ಒಂದೊಂದು, ಒಟ್ಟು ಆರು.

ಅದಕ್ಕಿಂತ ದೊಡ್ಡ ಲಾಭ ಕೊಟ್ಟದ್ದು ಬಿಳಿ ಬಣ್ಣ. ಮೀಟರಿನ ಡಬ್ಬಿಯ ಒಳಗೋಡೆ ಕಾಲ ಕಳೆದಂತೆ ಕಂದಾಗಿರುತ್ತದೆ. ಯಂತ್ರ ಹೊರತೆಗೆದು ಡಬ್ಬಿಗೆ ಮಾತ್ರ ಮ್ಯಾಟ್ ಬಿಳಿ ಸ್ಪ್ರೇ, ತೆಳುವಾಗಿ ಎರಡು ಕೈ. ಒಣಗಲು ಬಿಸಿಲಿದ್ದರೆ ಎರಡು ದಿನ, ಆಷಾಢದ ಮಳೆಯಲ್ಲಿ ಐದು ದಿನವಾದರೂ ಬೇಕು. ಅವಸರ ಮಾಡಿ ಮುಚ್ಚಿದ ಒಂದು ಮೀಟರಿನಲ್ಲಿ ಬಣ್ಣದ ಆವಿ ಗಾಜಿನ ಒಳಮೈಗೆ ಹಾಲಿನ ಕೆನೆಯಂತೆ ಕೂತಿತು, ಮತ್ತೆ ಬಿಚ್ಚಬೇಕಾಯಿತು. ಗಾಜನ್ನು ಹಿಡಿದಿರುವ, ಅಂಚು ಮಡಚಿದ ರಿಂಗನ್ನು ಗೀರಿಲ್ಲದೆ ಬಿಡಿಸುವ ಉಪಕರಣ ನಾನೇ ಮಾಡಿಕೊಂಡದ್ದು, ಅದರ ಗುಟ್ಟು ನನ್ನಲ್ಲೇ ಇರಲಿ. ಡಯಲಿನ ಅಕ್ಷರಕ್ಕೆ ಥಿನ್ನರ್ ಮುಟ್ಟಿಸಬೇಡಿ, ಅಕ್ಷರವೇ ಎದ್ದು ಬರುತ್ತದೆ.

ನಡುವೆ ಕತ್ತಲಲ್ಲಿ ಹೊಳೆಯುವ ಬಣ್ಣವನ್ನೂ ಸೂಜಿಗೆ ಬಳಿದು ನೋಡಿದೆ. ಹೊಳಪು ಇಪ್ಪತ್ತು ನಿಮಿಷಕ್ಕೆ ಮಂಕಾಯಿತು, ಭಾರಕ್ಕೆ ಸೂಜಿ ಸೊನ್ನೆಗೆ ಮರಳುವುದನ್ನೇ ಬಿಟ್ಟಿತು. ಕೆರೆದು ತೆಗೆದು, ತೆಳು ಕಿತ್ತಳೆ ಬಣ್ಣ ಒಂದೇ ಕೈ ಬಳಿದೆ. ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಮೀಟರ್ ಕೈಗೆ ಸಿಕ್ಕರೆ ಮಾತ್ರ ಬಿಚ್ಚಲೂ ಹೋಗಬೇಡಿ, ಕೆರೆಯಲೂ ಹೋಗಬೇಡಿ. ಅವುಗಳಲ್ಲಿ ವಿಕಿರಣ ಹೊಮ್ಮಿಸುವ ನಿಜವಾದ ರೇಡಿಯಂ ಬಳಿದಿರುವುದುಂಟು, ನಮ್ಮ ಸ್ಟಿಕರ್ ಅಂಗಡಿಯ ರೇಡಿಯಂ ಅಲ್ಲ.

ಎಲ್‌ಇಡಿಗೆ ಡಿಮ್ಮರ್, ಅಂದರೆ ಬೆಳಕು ಏರಿಳಿಸುವ ಗುಂಡಿ, ಆಗುವುದಿಲ್ಲ ಎಂದವರೂ ಇದ್ದರು. ಆ ಮಾತು ಅರ್ಧ ಸರಿ. ತಂತಿ ಸುರುಳಿಯ ತಡೆಯಿಂದ ಬೆಳಕು ಇಳಿಸುವ ಹಳೆ ರಿಯೋಸ್ಟಾಟ್ ಎಲ್‌ಇಡಿಯನ್ನು ಇಳಿಸುವುದಿಲ್ಲ, ಎಳೆಯುವ ಕರೆಂಟೇ ಅಷ್ಟು ಕಡಿಮೆ. ಕರೆಂಟನ್ನು ಬಲು ವೇಗವಾಗಿ ಆನ್-ಆಫ್ ಮಾಡಿ ಬೆಳಕು ಇಳಿಸುವ ಅಗ್ಗದ ಪಿಡಬ್ಲ್ಯುಎಂ ಡಿಮ್ಮರುಗಳು ಹೆಚ್ಚಾಗಿ ನೆಗೆಟಿವ್ ಕಡೆ ಕತ್ತರಿಸುತ್ತವೆ. ಇಲ್ಲಿ ನೆಗೆಟಿವ್ ಗಾಡಿಯ ಮೈಯಿಂದಲೇ ಸಿಗುವುದರಿಂದ ಗುಂಡಿ ತಿರುಗಿಸಿದರೂ ಬೆಳಕು ಕದಲುವುದಿಲ್ಲ. ನನಗೆ ಒದಗಿದ್ದು ಎಲ್‌ಎಂ2596 ಬಕ್ ಬೋರ್ಡ್ ಎಂಬ ವೋಲ್ಟೇಜ್ ಇಳಿಸುವ ಚಿಕ್ಕ ಸರ್ಕ್ಯೂಟ್, ನೂರು ರೂಪಾಯಿಯ ಒಳಗೆ. ವೋಲ್ಟೇಜ್ ಹೊಂದಿಸುವ ಅದರ ಚಿಕ್ಕ ಟ್ರಿಮ್‌ಪಾಟ್ ಕಿತ್ತು, ಕೈಯಲ್ಲಿ ತಿರುಗಿಸಬಹುದಾದ 10ಕೆ (ಹತ್ತು ಸಾವಿರ ಓಮ್) ಪಾಟನ್ನು ವೈರಿನಲ್ಲಿ ಹೊರಗೆ ತಂದು ಹಳೆ ಗುಂಡಿಯ ತೂತಿಗೇ ಕೂರಿಸಿದೆ. ಎಂಟರಿಂದ ಹನ್ನೆರಡು ವೋಲ್ಟ್ ಒಳಗೆ ಆಡಿಸಿದರೆ ಸಾಕು. ಎಂಜಿನ್ ಏರಿಳಿದಾಗ ಬರುತ್ತಿದ್ದ ಮಿನುಗೂ ಅದರಿಂದಲೇ ಹೋಯಿತು. ಪಾಟಿನ ಬೆಸುಗೆ ಗಟ್ಟಿಯಿರಲಿ, ವೈರ್ ಬಿಟ್ಟರೆ ಹದಿನಾಲ್ಕು ವೋಲ್ಟೂ ಪೂರ್ತಿ ಬಲ್ಬಿಗೆ ಹೋಗುತ್ತದೆ.

ಖರ್ಚು ಸಾವಿರದ ಆಸುಪಾಸು. ಕಲಿಯಲು ಕಳೆದದ್ದು ಇನ್ನೊಂದು ಸಾವಿರ. ಹೊಸ ಮೀಟರ್ ಸೆಟ್ಟಿಗೆ ಅಂಗಡಿಯವರು ಕೇಳಿದ್ದು ಏಳೆಂಟು ಸಾವಿರ, ಅದರ ಬೆಳಕು ಇದಕ್ಕಿಂತ ಮಂದ.

ಗಾಜಿನ ಸುತ್ತ ಹುಳಿ ವಾಸನೆಯ ಸಿಲಿಕೋನ್ ಬೇಡ, ತಾಮ್ರ ಹಸಿರುಗಟ್ಟುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂರಿಸಿದ ಗಾಡಿಯಲ್ಲಿ ಚಾರ್ಜಿಂಗ್ ದೀಪವಿದ್ದರೆ ಅದಕ್ಕೆ ಮಾತ್ರ ಹಳೆ ತಂತಿ ಬಲ್ಬೇ ಇರಲಿ. ಆಲ್ಟರ್ನೇಟರ್ ಏಳಲು ಬೇಕಾದ ಕರೆಂಟ್ ಆ ಬಲ್ಬಿನ ಮೂಲಕವೇ ಹರಿಯಬೇಕು. ಎಲ್‌ಇಡಿ ಹಾಕಿದ ವಾರದಲ್ಲೇ ನನ್ನ ಬ್ಯಾಟರಿ ಇಳಿದದ್ದು ಅದಕ್ಕೇ.