ಉಪ್ಪಿಗೆ ಜಗ್ಗದ ಗಿಡ ಊರಿನ ಮಣ್ಣಿಗೆ ಸೋತಿತು

ನನ್ನದು ಸಿಂಧನೂರು ಸೀಮೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಭತ್ತಕ್ಕೆ ನೀರು ಕಟ್ಟಿ ಕಟ್ಟಿ ನಮ್ಮ ಎರೆಹೊಲದ ಒಂದು ಮೂಲೆ ಸವಳಾಯಿತು. ಬೇಸಿಗೆಯಲ್ಲಿ ಅಲ್ಲಿ ಸುಣ್ಣ ಚೆಲ್ಲಿದಂತೆ ಕಾಣುತ್ತದೆ. ಹಾಗಾಗಿ ಸಂಶೋಧನೆಗೆ ವಿಷಯ ಹುಡುಕಲು ನಾನು ಹೆಚ್ಚು ತಿಣುಕಲಿಲ್ಲ.

ಅರಬಿಡಾಪ್ಸಿಸ್ ಎಂಬ, ಸಾಸಿವೆ ಕುಟುಂಬದ ಪುಟ್ಟ ಗಿಡದಲ್ಲಿ ಎನ್‌ಎಚ್‌ಎಕ್ಸ್1 ಎಂಬ ಜೀನ್ ಇದೆ. ಝಾಂಗ್ ಮತ್ತು ಬ್ಲೂಮ್‌ವಾಲ್ಡ್ ಎಂಬ ವಿಜ್ಞಾನಿಗಳು 2001ರಲ್ಲಿ ಆ ಜೀನ್ ಹೆಚ್ಚು ಕೆಲಸ ಮಾಡುವ ಟೊಮೆಟೊ ಗಿಡ ಬೆಳೆಸಿ, ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿದ್ದ ನೀರಿನಲ್ಲೂ ಹಣ್ಣು ಬಿಡಿಸಿದರು. ಉಪ್ಪಿನಲ್ಲಿರುವ ಸೋಡಿಯಂ ಜೀವಕೋಶದ ರಸದಲ್ಲಿ ಅಲೆದಾಡಿದರೆ ಕಿಣ್ವಗಳು ಕೆಡುತ್ತವೆ. ಈ ಜೀನ್ ಕೊಡುವ ಪ್ರೋಟೀನ್ ಕೋಶದೊಳಗಿನ ದೊಡ್ಡ ರಸಚೀಲದ ಬಾಗಿಲಲ್ಲಿ ನಿಂತು, ಒಂದು ಪ್ರೋಟಾನನ್ನು ಹೊರಬಿಟ್ಟು ಒಂದು ಸೋಡಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತದೆ. ಚೀಲದಲ್ಲಿ ಕೂಡಿಹಾಕಿದ ಉಪ್ಪು ಬೇರಿನಿಂದ ನೀರೆಳೆಯಲು ನೆರವಾಗುವುದೂ ಉಂಟು.

ಇದೇ ಜೀನನ್ನು ಇನ್ನೊಂದು ಗಿಡಕ್ಕೆ ಸೇರಿಸಿ ನೋಡಲು ಹೊರಟೆ; ಭತ್ತ ಬೇಗ ಕೈಗೆ ಬರುವುದಿಲ್ಲವೆಂದು ತಂಬಾಕನ್ನು ಆರಿಸಿಕೊಂಡೆ. ಜೀನನ್ನು ಡಿಎನ್‌ಎ ಕತ್ತರಿಸುವ ಕಿಣ್ವದಿಂದ ಕತ್ತರಿಸಿ, ಲೈಗೇಸ್ ಎಂಬ ಅಂಟಿನಂಥ ಕಿಣ್ವದಿಂದ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಗೆ ಬೆಸೆದು, ಅದನ್ನು ಗಿಡಕ್ಕೆ ಜೀನ್ ದಾಟಿಸಬಲ್ಲ ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಕ್ಕೆ ಹೊರಿಸಿದೆ. ಎಲೆಯ ಬಿಲ್ಲೆಗಳನ್ನು ಆ ಬ್ಯಾಕ್ಟೀರಿಯಾದ ನೀರಿನಲ್ಲಿ ಅದ್ದಿ, ಎರಡು ದಿನ ಕತ್ತಲಲ್ಲಿಟ್ಟೆ. ಮೊದಲ ಸಲ ಎಲ್ಲವೂ ಹಾಳು. ಬ್ಯಾಕ್ಟೀರಿಯಾವನ್ನು ಕೊಲ್ಲಬೇಕಿದ್ದ ಸೆಫೊಟಾಕ್ಸಿಮ್ ಹಳೆಯದಾಗಿತ್ತು; ಬಿಲ್ಲೆಗಳ ಸುತ್ತ ಲೋಳೆ ಕಟ್ಟಿತು. ನನ್ನ ಜೀನಿನ ಜೊತೆಗೆ ಕನಾಮೈಸಿನ್ ಎಂಬ ಔಷಧವನ್ನು ತಾಳಿಸುವ ಇನ್ನೊಂದು ಜೀನನ್ನೂ ಕಳಿಸಿದ್ದೆ. ಎರಡನೆಯ ಸಲ ಆ ಕನಾಮೈಸಿನ್ ಇದ್ದ ತಟ್ಟೆಯಲ್ಲಿ ಜೀನ್ ಸೇರದವು ಬೆಳ್ಳಗಾಗಿ, ಸೇರಿದವು ಮಾತ್ರ ಹಸಿರು ಮೊಳಕೆ ಬಿಟ್ಟವು. ಆ ಹಸಿರನ್ನು ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ.

ಉಪ್ಪುನೀರಿನ ಪರೀಕ್ಷೆಯಲ್ಲಿ ಗಿಡಗಳು ಗೆದ್ದವು. ಉಬ್ಬಿಹೋಗಿ ಅಪ್ಪನಿಗೆ ಹೇಳಿ ಹೊಲದ ಮಣ್ಣು ಕಳಿಸಿಕೊಂಡೆ. ಇಂಥ ಗಿಡವನ್ನು ಅನುಮತಿಯಿಲ್ಲದೆ ಹೊಲಕ್ಕೆ ಒಯ್ಯುವಂತಿಲ್ಲ. ಹಾಗಾಗಿ ಹೊಲವೇ ಚೀಲದಲ್ಲಿ ಬಸ್ಸಿನಲ್ಲಿ ಬಂತು. "ಮಣ್ಣಿಗೂ ಟಿಕೆಟ್ ತೆಗೆಸಿದರು ತಮ್ಮಾ" ಎಂದು ಅಪ್ಪ ಫೋನಿನಲ್ಲಿ ನಕ್ಕರು.

ಆ ಮಣ್ಣಿನಲ್ಲಿ ನನ್ನ ಗಿಡ ಮೂರೇ ವಾರಕ್ಕೆ ಹಳದಿಯಾಯಿತು. ಅಳೆದು ನೋಡಿದರೆ ಪಿಎಚ್ 9ರ ಮೇಲಿತ್ತು. ಮಣ್ಣು ಬರೀ ಉಪ್ಪಾಗಿರಲಿಲ್ಲ, ಕ್ಷಾರವೂ ಆಗಿತ್ತು. ಕ್ಷಾರದಲ್ಲಿ ಕಬ್ಬಿಣ, ಸತು ಬೇರಿಗೆ ದಕ್ಕದಂತಾಗುತ್ತವೆ. ಸೋಡಿಯಂ ಹೆಚ್ಚಾದರೆ ಜೇಡಿಯ ಸಣ್ಣ ಕಣಗಳು ಒಂದನ್ನೊಂದು ಬಿಟ್ಟು ಮಣ್ಣಿನ ಸಂದುಗಳಲ್ಲಿ ತುಂಬಿ, ನೀರೂ ಗಾಳಿಯೂ ಇಳಿಯದಂತೆ ಮೆತ್ತಿಕೊಳ್ಳುತ್ತವೆ. ಇವಕ್ಕೆ ರಸಚೀಲದ ಬಾಗಿಲು ಕಾಯುವವನು ಏನು ಮಾಡಿಯಾನು? ಇದನ್ನು ಮೊದಲೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

2023ರಲ್ಲಿ ಚೀನಾದ ತಂಡ ಜೋಳದಲ್ಲಿ ಎಟಿ1 ಎಂಬ ಜೀನನ್ನು ಗುರುತಿಸಿ, ಅದನ್ನು ಕೆಲಸ ಮಾಡದಂತೆ ಮಾಡಿದರೆ ಬೆಳೆ ಕ್ಷಾರವನ್ನು ಹೆಚ್ಚು ತಾಳುತ್ತದೆಂದು ತೋರಿಸಿತು. ಹೊಸತನ್ನು ಸೇರಿಸುವುದೊಂದೇ ದಾರಿಯೆಂದು ನಂಬಿದ್ದ ನಾನು ಆ ವರದಿಯನ್ನು ಎರಡು ಸಲ ಓದಿದೆ. ನನ್ನ ಮುಂದಿನ ಕೆಲಸ ಅದರ ಮೇಲೆಯೇ.

ಈ ನಡುವೆ ಉಳಿದ ಮಣ್ಣಿಗೆ, ಸೋಡಿಯಂ ಬಿಡಿಸುವ ಜಿಪ್ಸಂ ಬೆರೆಸಿ, ಹಲವು ಸಲ ನೀರು ಹಾಯಿಸಿ ಬಸಿದು, ಎರಡು ಕುಂಡ ತುಂಬಿದೆ. ನನ್ನ ಗಿಡ ಚೆನ್ನಾಗಿ ಬಂತು. ಪಕ್ಕದ ಕುಂಡದ ಮಾಮೂಲಿ ತಂಬಾಕು ಕೂಡ ಅಷ್ಟೇ ಚೆನ್ನಾಗಿ ಬಂತು. ಅಪ್ಪನಿಗೆ ಇದನ್ನು ಇನ್ನೂ ಹೇಳಿಲ್ಲ.